ಉಳಿದೆರಡು ಅಂಕೆ

ತುಳಸಿಯ ಎಲೆಯನ್ನು ನೀರಿನಲ್ಲಿ ಅದ್ದಿ ದಮಯಂತಿ ತೀರಿಕೊಂಡ ಗಂಡ ದೇರಣ್ಣನ ತುಟಿಯ ಮೇಲೆ ಇಡುತ್ತಿದ್ದಳು. ಅಷ್ಟರಲ್ಲಿ ಕಿಟಕಿಯ ದಂಡೆಯ ಮೇಲಿದ್ದ ಅವನ ಫೋನು ಗಡಗಡ ನಡುಗಿ ಕೂಗಿಕೊಂಡಿತು. ಎಲೆ ಅವಳ ಬೆರಳಿನಿಂದ ಅವನ ಗಲ್ಲದ ಮೇಲೆ ಜಾರಿ ಬಿತ್ತು.

"ಅದನ್ನೊಮ್ಮೆ ಯಾರಾದರೂ ಆಫ್ ಮಾಡಿ ಮಾರಾಯ್ರೆ," ಎಂದು ಅಂಗಳದಿಂದ ನೆರೆಮನೆಯ ಉದಯ ಗದರಿದ.

ಮಗ ರೂಪೇಶ್ ಫೋನು ಎತ್ತಿಕೊಂಡ. ದೂರದ ರೂಟಿನ ಬಸ್ಸು ಓಡಿಸುವವನು. ಸುದ್ದಿ ಮುಟ್ಟಿ ಅವನು ಊರಾದ ಆಲೆಟ್ಟಿಗೆ ಬಂದು ಸೇರುವ ತನಕ ಹೆಣವನ್ನು ಇರಿಸಿಕೊಂಡಿದ್ದರು. ತೊಟ್ಟ ಖಾಕಿ ಅಂಗಿಯನ್ನು ಇನ್ನೂ ಬದಲಿಸಿರಲಿಲ್ಲ.

"ಅಪ್ಪ ಫೋನಿಗೆ ನಂಬರಿನ ಬೀಗ ಹಾಕಿದ್ದಾರೆ. ಒಳಗೆ ಹೋಗ್ಲಿಕ್ಕೆ ಆಗುದಿಲ್ಲ," ಎಂದ. "ಎಲ್ಲ ಮುಗಿಯಲಿ, ಸಿಮ್ಮು ಮುರಿದು ಬಿಸಾಡ್ತೇನೆ. ಅಪ್ಪನನ್ನು ತಿಂದದ್ದೇ ಇದು."

ದಮಯಂತಿ ಗಲ್ಲದ ಮೇಲಿನ ಎಲೆಯನ್ನು ಎತ್ತಿ ಮತ್ತೆ ನೀರಿಗೆ ಅದ್ದಿದಳು.

ದೇರಣ್ಣನ ಅಕ್ಕ ಈಶ್ವರಿ ಪಂಜದಿಂದ ಮೊದಲ ಬಸ್ಸಿಗೆ ಬಂದಿದ್ದಳು. ದಿನಕ್ಕೆರಡು ಹೊತ್ತು ಜಪ ಮಾಡುವ ಮುದುಕಿ. ತಮ್ಮನ ಪಾದ ಮುಟ್ಟಿ, ಸೆರಗಿನಿಂದ ಕಣ್ಣೊರೆಸಿಕೊಂಡು, ದಮಯಂತಿಯ ಕಿವಿಯ ಹತ್ತಿರ ಬಂದು ಕೇಳಿದಳು:

"ಕಡೆಗೆ ಬಾಯಲ್ಲಿ ದೇವರ ಹೆಸರು ಬಂತಾ?"

ದಮಯಂತಿ ತಲೆ ತಗ್ಗಿಸಿದಳು. "ಬಂತು ಅತ್ತಿಗೆ. ನಾರಾಯಣ ಅಂದ್ರು."

"ಹಾಗಾದ್ರೆ ಸಾಕು. ಗತಿ ಉಂಟು ಅವನಿಗೆ."

ಈಶ್ವರಿ ಹೊರಗೆ ಹೋಗಿ ಬಂದವರಿಗೆಲ್ಲ ಅದನ್ನೇ ಹೇಳಿದಳು. ನಾರಾಯಣ ಎಂದು ಹೋದನಂತೆ, ಪುಣ್ಯವಂತ. ಆ ಮಾತು ಅಂಗಳದಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟುವುದು ಕೇಳಿಸಿದಾಗಲೆಲ್ಲ ದಮಯಂತಿ ಮತ್ತೊಂದು ತುಳಸಿಯ ಎಲೆಯನ್ನು ನೀರಿಗೆ ಅದ್ದುತ್ತಿದ್ದಳು.

*

ಅವನು ನಾರಾಯಣ ಎಂದಿರಲಿಲ್ಲ.

ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮೇಲೆ ದೇರಣ್ಣ ಊರವರ ದುಡ್ಡಿನ ವಿಚಾರ ನೋಡಿಕೊಳ್ಳುತ್ತಿದ್ದ. ಆದಾಯ ತೆರಿಗೆಯ ರಿಟರ್ನು ತುಂಬುವುದು, ಠೇವಣಿ ಎಲ್ಲಿಡಬೇಕೆಂದು ಹೇಳುವುದು, ನಾಮಿನಿ ಹೆಸರು ಬರೆಸುವುದು. ಚಿನ್ನ ಅಡವಿಟ್ಟು ಮದುವೆಯ ಪೆಂಡಾಲು ದೊಡ್ಡದು ಮಾಡಬೇಡಿ ಎಂದು ಬೈಯುವುದೂ ಅದರಲ್ಲೇ ಸೇರಿತ್ತು. ಮಂಡಿನೋವು ಹೆಚ್ಚಿದ ಮೇಲೆ ಅವನು ಪೇಟೆಗೆ ಇಳಿಯುವುದನ್ನು ಬಿಟ್ಟ. ಕಾಗದಗಳನ್ನು ಮನೆಯಲ್ಲೇ ಸರಿ ಮಾಡಿ, ಜನರನ್ನು ಸುಳ್ಯದಲ್ಲಿ ಮಶೂದನ ಕಂಪ್ಯೂಟರ್ ಅಂಗಡಿಗೆ ಕಳಿಸುತ್ತಿದ್ದ.

ಒಂದು ತಪ್ಪು ಮಾತ್ರ ಅವನು ತಿಳಿದೂ ತಿಳಿದೂ ಮಾಡಿದ. ಯಾರ ಮನೆಯಲ್ಲಿ ರೇಂಜ್ ಇಲ್ಲವೋ, ಯಾರಿಗೆ ಅಕ್ಷರ ಓದಲು ಬಾರದೋ, ಅವರ ಆಧಾರಿಗೂ ಖಾತೆಗೂ ತನ್ನದೇ ಫೋನ್ ನಂಬರು ಬರೆಸಿದ. ಅವರಿಗೆ ಬರಬೇಕಾದ ಓಟಿಪಿ ಇವನಿಗೆ ಬರುತ್ತಿತ್ತು. ಅವರು ಅಂಗಡಿಯಿಂದ ಫೋನು ಮಾಡಿದರೆ ಇವನು ಅಂಕೆಗಳನ್ನು ಓದಿ ಹೇಳುತ್ತಿದ್ದ.

"ಇದು ಸರಿಯಲ್ಲ ಅಪ್ಪ," ಎಂದು ರೂಪೇಶ್ ಎಷ್ಟೋ ಸಲ ಹೇಳಿದ್ದ. "ನಾಳೆ ನಿಮಗೆ ಏನಾದರೂ ಆದರೆ ಅವರೆಲ್ಲ ಎಲ್ಲಿಗೆ ಹೋಗುದು?"

"ನನಗೆ ಎಂತ ಆಗ್ತದೆ ಮಾರಾಯ? ಸಂಪಾಜೆಯ ನೆಬೀಸ ಇದ್ದಾಳಲ್ಲ, ಗುಡ್ಡೆ ಹತ್ತಿ ಮೆಸೇಜು ನೋಡ್ಲಿಕ್ಕೆ ಆ ಹೆಂಗಸಿಗೆ ಆಗ್ತದಾ ಹೇಳು."

ನಿನ್ನೆ ಬೆಳಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕೂತಾಗಲೇ ಅವನ ಹಣೆ ಬೆವತಿತ್ತು. "ಎದೆ ಹಿಡಿದ ಹಾಗೆ ಆಗ್ತದೆ," ಎಂದ. ದಮಯಂತಿ ಉದಯನ ಜೀಪು ಕರೆಯಲು ಎದ್ದಳು. ಆಗ ಫೋನು ಬಂತು. ಬೇಡ ಎಂದು ಅವಳು ಕೈ ಚಾಚಿದರೆ ಅವನು ಕಣ್ಣಲ್ಲೇ ತಡೆದ.

"ಸ್ವಲ್ಪ ತಡಿ. ನೆಬೀಸ ಮಶೂದನ ಅಂಗಡಿಯಲ್ಲಿ ಕಾಯ್ತಾ ಇದ್ದಾಳೆ."

ಕನ್ನಡಕ ಸರಿಮಾಡಿ ಓಟಿಪಿಯ ಆರು ಅಂಕೆ ಓದತೊಡಗಿದ. ಏಳು. ಸೊನ್ನೆ. ನಾಲ್ಕು. ಒಂದು.

ಅಷ್ಟಕ್ಕೇ ಅವನ ತಲೆ ಎದೆಯ ಮೇಲೆ ಬಿತ್ತು. ಕೆಳಗೆ ಬಿದ್ದ ಫೋನಿನಿಂದ ಹೆಂಗಸಿನ ದನಿಯೊಂದು ಹಲೋ, ಹಲೋ ಎಂದು ಕರೆಯುತ್ತಲೇ ಇತ್ತು. ಪುತ್ತೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ದಮಯಂತಿ ದೇವರ ಕೋಣೆಯಲ್ಲಿ ಗಂಗೆಯ ತಂಬಿಗೆಯನ್ನು ವರ್ಷಗಟ್ಟಲೆ ಕಾಪಿಟ್ಟಿದ್ದಳು, ಇಬ್ಬರಲ್ಲಿ ಯಾರು ಮೊದಲು ಹೋದರೂ ಇರಲಿ ಎಂದು. ಅದರ ಬಾಯಿ ತೆರೆಯಲೂ ಸಮಯ ಸಿಗಲಿಲ್ಲ.

*

ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ರುದ್ರಭೂಮಿಗೆ ಒಯ್ಯುವ ವ್ಯಾನು ರಸ್ತೆಯಲ್ಲಿ ಬಂದು ನಿಂತಿತ್ತು.

"ಕಟ್ಟಿಗೆಯ ದುಡ್ಡಿಗೆ ರಶೀದಿ ಕೇಳು ರೂಪೇಶ್," ಎಂದ ಉದಯ. "ಇಲ್ಲದಿದ್ರೆ ನಿನ್ನ ಅಪ್ಪ ಎದ್ದು ಕೂತಾರು."

ಒಂದಿಬ್ಬರು ನಕ್ಕರು.

"ಓಟಿಪಿ ಯಾರಿಗೂ ಕೊಡ್ಬೇಡಿ ಅಂತ ಹೇಳುದೂ ಅವರೇ, ಊರವರ ಓಟಿಪಿ ಎಲ್ಲ ಇಟ್ಕೊಳ್ಳುದೂ ಅವರೇ," ಎಂದು ಇನ್ನೊಬ್ಬ ಸೇರಿಸಿದ. ಈ ಸಲ ನಗು ಅರ್ಧಕ್ಕೆ ನಿಂತಿತು. ಅಲ್ಲಿದ್ದವರಲ್ಲಿ ಹಲವರಿಗೆ ತಮ್ಮ ಖಾತೆಗೂ ದೇರಣ್ಣನದೇ ನಂಬರು ಇರುವುದು ನೆನಪಾಯಿತು.

ಆಗ ನೆಬೀಸ ಗೇಟು ದಾಟಿ ಬಂದಳು. ಸಂಪಾಜೆಯ ಕಡೆ, ಗುಡ್ಡಗಳ ನಡುವಿನ ತಗ್ಗಿನಲ್ಲಿ ಅವಳ ಮನೆ. ಗಂಡ ಸಲಾಂ ಗಲ್ಫಿನ ಬಿಸಿಲಿನಲ್ಲಿ ದುಡಿದು ತಂದದ್ದನ್ನು ಅವನು ತೀರಿಹೋದ ಮೇಲೆ ದೇರಣ್ಣನೇ ಅವಳ ಹೆಸರಿನಲ್ಲಿ ಠೇವಣಿ ಇಡಿಸಿದ್ದ. ಬಡ್ಡಿಯಲ್ಲಿ ತೆರಿಗೆ ಹಿಡಿಯದಂತೆ ಏಪ್ರಿಲಿನಲ್ಲಿ ಬ್ಯಾಂಕಿಗೆ ಕೊಡಬೇಕಾದ ಫಾರಂ ಕೊಡಲು ಅವಳು ಮರೆತಿದ್ದಳು. ತೆರಿಗೆ ಕಟ್ಟುವಷ್ಟು ವರಮಾನ ಇಲ್ಲದಿದ್ದರೂ ಬಡ್ಡಿಯಲ್ಲಿ ತೆರಿಗೆ ಹಿಡಿದಿದ್ದರು. ಅದನ್ನು ಹಿಂದೆ ಪಡೆಯಲೆಂದು ರಿಟರ್ನು ತುಂಬಿ ತಿಂಗಳಾಗುತ್ತ ಬಂದಿತ್ತು. ತಿಂಗಳೊಳಗೆ ಓಟಿಪಿ ಒತ್ತಿ ಅದನ್ನು ಖಾತ್ರಿ ಮಾಡಬೇಕಿತ್ತು, ಅದೊಂದೇ ಉಳಿದಿತ್ತು.

ನೆಬೀಸ ದಮಯಂತಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಳು.

"ನಿನ್ನೆ ಬೆಳಗ್ಗೆ ನನ್ನತ್ರ ಮಾತಾಡಿದ್ರು ಅಕ್ಕ," ಎಂದಳು ನೆಬೀಸ. "ನಂಬ್ರ ಹೇಳ್ತಾ ಇದ್ರು. ನಾಲ್ಕು ಹೇಳಿದ ಮೇಲೆ ಕಟ್ಟಾಯ್ತು. ರೇಂಜ್ ಹೋಯ್ತು ಅಂತ ಮಾಡಿದೆ. ಅಂಗಡಿಯಿಂದ ಎಷ್ಟು ಸಲ ಹಲೋ ಹಲೋ ಅಂದೆ."

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ದಮಯಂತಿಯ ಮುಖವನ್ನೇ ನೋಡಿದಳು.

"ಅದೇ ಹೊತ್ತಿಗಾ ಅಕ್ಕ?"

ಬೆಳಗಿನಿಂದ ಈ ಹೆಂಗಸಿನ ಮೇಲೆ ಸಿಟ್ಟು ತಂದುಕೊಳ್ಳಲು ದಮಯಂತಿ ಹೆಣಗಿದ್ದಳು. ನಾರಾಯಣ ಎನ್ನಬೇಕಾಗಿದ್ದ ಬಾಯಿಯನ್ನು ಕಸಿದುಕೊಂಡವಳು ಇವಳು. ಈಗ ಅವಳೇ ತನ್ನ ಕೈ ಬಿಡದೆ ಹಿಡಿದು ಕೂತಿದ್ದಳು.

"ಅಲ್ಲ," ಎಂದಳು. "ಮತ್ತೆ. ತುಂಬ ಹೊತ್ತಾದ ಮೇಲೆ."

ನೆಬೀಸ ಮುಸುಕಿನಲ್ಲಿ ಮುಖ ಮುಚ್ಚಿಕೊಂಡಳು.

"ನಿನ್ನ ಆ ಕೆಲಸ ಎಂತ ಆಯ್ತು?" ಎಂದು ದಮಯಂತಿ ಕೇಳಿದಳು.

"ಇವತ್ತು ಕಡೇ ದಿನ ಅಂತೆ. ಇಲ್ಲದಿದ್ರೆ ಪುನಃ ಮೊದಲಿಂದ ಎಲ್ಲ. ಹೋದ್ರೆ ಹೋಗಲಿ ಅಕ್ಕ, ಈಗ ಯಾಕೆ ಅದು?"

"ಹೆಣ ಎತ್ತಿದ ಮೇಲೆ ನೀನು ಮಶೂದನ ಅಂಗಡಿಗೆ ಹೋಗು. ಅಲ್ಲಿಂದ ಫೋನ್ ಮಾಡು. ನಾನು ನೋಡಿ ಹೇಳ್ತೇನೆ."

ಅವಳು ಎದ್ದು ಮಗನ ಎದುರು ಕೈ ಚಾಚಿದಳು. "ಅದನ್ನು ಇಲ್ಲಿ ಕೊಡು."

"ಯಾಕಮ್ಮ? ಬೀಗ ಉಂಟು."

"ಮೆಸೇಜು ಬೀಗದ ಮೇಲೆಯೇ ಕಾಣ್ತದೆ. ನಾನು ನೋಡಿದ್ದೇನೆ."

*

ಗಂಡಸರು ಹೋದ ಮೇಲೆ ಮನೆ ಬರಿದಾಯಿತು. ನೆಲ ತೊಳೆದರು. ತಲೆಯಿದ್ದ ಜಾಗದಲ್ಲಿ ಈಶ್ವರಿ ಎಣ್ಣೆ ಹೊಯ್ದು ದೀಪ ಹಚ್ಚಿದಳು. ದಮಯಂತಿ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಬಂದು ದೀಪದ ಎದುರು ಕೂತಳು. ಫೋನನ್ನು ಸೆರಗಿನ ಕೆಳಗೆ ಮಡಿಲಲ್ಲಿ ಇಟ್ಟುಕೊಂಡಳು. ರಸ್ತೆಯಲ್ಲಿ ಲಾರಿಯೊಂದು ಘಾಟಿಯ ಕಡೆಗೆ ಏದುಸಿರು ಬಿಡುತ್ತ ಹತ್ತಿ ಹೋಯಿತು.

ಫೋನು ನಡುಗಿತು. ಅವಳು ಕಿವಿಗೆ ಹಿಡಿದಳು.

"ಮಶೂದ ಈಗ ಒತ್ತಿದ, ಬಂತಾ ಅಕ್ಕ?"

"ತಡಿ."

ಕಪ್ಪು ಗಾಜಿನ ಮೇಲೆ ಬಿಳಿಯ ಸಾಲೊಂದು ಮೂಡಿತು. ದಮಯಂತಿ ಅದನ್ನು ದೀಪದ ಬೆಳಕಿಗೆ ಹಿಡಿದು, ಅವನು ಓದುತ್ತಿದ್ದ ಹಾಗೆಯೇ, ಒಂದೊಂದನ್ನೇ ಬಿಡಿಸಿ ಓದಿದಳು.

"ಮೂರು. ಒಂಬತ್ತು. ಎರಡು. ಆರು."

ಅವನ ಓದು ನಿಂತದ್ದೂ ನಾಲ್ಕನೆಯ ಅಂಕೆಗೇ. ಮುಂದಿನದು ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

"ಹಲೋ," ಎಂದಿತು ಆಚೆಯ ದನಿ. "ಹಲೋ, ಅಕ್ಕ? ಹಲೋ..."

ದಮಯಂತಿ ಕಣ್ಣು ಮುಚ್ಚಿ ತೆರೆದಳು.

"ಐದು," ಎಂದಳು. "ಎಂಟು."

ಅಡುಗೆಮನೆಯಿಂದ ಬಂದ ಈಶ್ವರಿಗೆ ಬೆನ್ನ ಹಿಂದಿನಿಂದ ಕಂಡದ್ದು, ಕೇಳಿದ್ದು ಇಷ್ಟೆ: ದೀಪ, ಅದರ ಮುಂದೆ ತಗ್ಗಿದ ತಲೆ, ಜಪದಂಥ ಮೆಲ್ಲನೆಯ ದನಿ. ಮುದುಕಿ ಹೊಸ್ತಿಲಲ್ಲೇ ನಿಂತು, ಸದ್ದಾಗದಂತೆ ಕೈ ಮುಗಿದಳು.