ಬಾಲ ನೋಡಿ ಬರೆದ ಸುದ್ದಿ

ಅಕ್ಕನ ಫೋನಿನ ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಅದು ಮೂಟೆ ಕಟ್ಟುವ ಸದ್ದು ಎಂದು ತಂಗಿಗೆ ತಕ್ಷಣ ಗೊತ್ತಾಯಿತು.

"ಸಾಯಂಕಾಲ ಮನೆ ಯಜಮಾನರು ಬರ್ತಾರೆ, ಬೀಗದ ಕೈ ಕೊಟ್ಟುಬಿಡ್ತೀನಿ," ಎಂದಳು ಅಕ್ಕ. "ಹೊಲಿಗೆ ಮೆಷಿನ್ ಸ್ವಲ್ಪ ದಿನ ನಿನ್ನ ಹತ್ರ ಇಟ್ಕೋತೀಯಾ?"

"ಯಾಕೆ ಕೊಡ್ತೀಯಾ? ಯಾರು ಕೊಡು ಅಂದ್ರು?"

"ಕೋರ್ಟೇ ಅಂದಿದೆಯಂತಲ್ಲ. ಬಾಡಿಗೆ ಕರಾರು ಯಾರ ಹೆಸರಲ್ಲಿತ್ತೋ ಅವರು ಸತ್ತರೆ ಮನೆಯವರು ಖಾಲಿ ಮಾಡಬೇಕು ಅಂತ. ಯಜಮಾನರು ಫೋನಿಗೆ ಬಂದ ಮೆಸೇಜೂ ಪೇಪರೂ ತೋರಿಸಿದ್ರು. ಕರಾರು ನಿಮ್ಮ ಭಾವನ ಹೆಸರಲ್ಲೇ ಇರೋದು, ನಿಂಗೇ ಗೊತ್ತಲ್ಲ."

ಗೊತ್ತಿತ್ತು. ಆ ಸುದ್ದಿಯನ್ನು ತಂಗಿ ಮೊನ್ನೆಯೇ ಓದಿದ್ದಳು. ಭಾವ ಹೋಗಿ ಇನ್ನೂ ವರ್ಷ ತುಂಬಿಲ್ಲ, ಈಗ ಇದನ್ನೂ ಹೇಳುವುದು ಹೇಗೆ ಎಂದು ಎರಡು ದಿನ ಅಕ್ಕನಿಗೆ ಫೋನು ಮಾಡುವುದನ್ನೇ ತಪ್ಪಿಸಿಕೊಂಡಿದ್ದಳು. ಸುದ್ದಿ ಹೊರಟಿದ್ದು ಅವಳದೇ ಆಫೀಸಿನಿಂದ. ನಂಬದೆ ಏನು ಮಾಡುವುದು?

ಈ ತಂಗಿಯನ್ನು ಮನೆಯವರೆಲ್ಲ ಕರೆಯುತ್ತಿದ್ದುದು ಪಾಯಿಂಟಮ್ಮ ಎಂದು. ಚಿಕ್ಕಂದಿನಿಂದ ಎಲ್ಲ ಮಾತಿಗೂ ಒಂದು ಪಾಯಿಂಟು ಹಾಕುತ್ತಿದ್ದವಳು ಕಾನೂನು ಓದಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಓದಿ ಮುಗಿಸಿ ಅವಳು ಸೇರಿದ್ದು ಕೋರ್ಟಿನ ತೀರ್ಪುಗಳ ಸಾರಾಂಶ ಬರೆದು ಹಂಚುವ ಕಂಪನಿಗೆ. ದುಡ್ಡು ಕಟ್ಟುವ ವಕೀಲರಿಗೆ ವೆಬ್‌ಸೈಟು, ಕಟ್ಟಲಾರದ ಜನಸಾಮಾನ್ಯರಿಗೆ ಮೊಬೈಲಿನಲ್ಲಿ ಪುಕ್ಕಟೆ ಕಾನೂನು ಸುದ್ದಿ. ಪತ್ರಿಕೆಗಳವರೂ ಅದನ್ನೇ ನೋಡಿ ಬರೆಯುತ್ತಿದ್ದರು. ಆಫೀಸಿನ ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ದಪ್ಪ ರಟ್ಟಿನ ತೀರ್ಪಿನ ಸಂಪುಟಗಳು. ಅವು ಬಂದವರು ಫೋಟೋ ತೆಗೆಸಿಕೊಳ್ಳಲು ಚೆನ್ನಾಗಿದ್ದವು.

ಕೆಲಸ ನಡೆಯುತ್ತಿದ್ದ ರೀತಿಯೇ ಬೇರೆ. ಅಲ್ಲಿನ ಸಂಪಾದಕರಿಗೆ ಹುಡುಗರು ಫಸ್ಟು ಸಾರ್ ಎಂದು ಹೆಸರಿಟ್ಟಿದ್ದರು. ಯಾವ ತೀರ್ಪೇ ಬರಲಿ, ಎಲ್ಲರಿಗಿಂತ ಮೊದಲು ನಮ್ಮ ಮೆಸೇಜು ಹೋಗಬೇಕು ಎಂಬುದು ಅವರ ಹಟ. ಕೋರ್ಟಿನ ಆದೇಶ ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ. ಹಾಗಾಗಿ ಕಡತ ತೆರೆದವರು ಸೀದಾ ಕೊನೆಗೆ ಹಾರಿ, ಅಲ್ಲಿದ್ದುದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿಬಿಡುವುದು. ಆಫೀಸಿನಲ್ಲಿ ಇದಕ್ಕೆ 'ಬಾಲ ನೋಡೋದು' ಎನ್ನುತ್ತಿದ್ದರು. ತಲೆಯಿಂದ ಓದುವುದು ಬಿಡುವಾದಾಗ. ಆ ಬಿಡುವು ಯಾವತ್ತೂ ಆಗುತ್ತಿರಲಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಕಳಿಸುವ ಪದ್ಧತಿಯನ್ನೂ ತಡವಾಗುತ್ತದೆಂದು ಫಸ್ಟು ಸಾರ್ ಕಿತ್ತುಹಾಕಿದ್ದರು.

"ಅಕ್ಕ, ನಾನು ಬರೋತನಕ ಯಾವುದಕ್ಕೂ ಸಹಿ ಹಾಕಬೇಡ," ಎಂದು ಪಾಯಿಂಟಮ್ಮ ಫೋನಿಟ್ಟಳು. ಕೋರ್ಟಿನ ವೆಬ್‌ಸೈಟಿನಿಂದ ಆ ತೀರ್ಪನ್ನು ಇಳಿಸಿಕೊಂಡು ಮೊದಲ ಪುಟದಿಂದ ಓದತೊಡಗಿದಳು. ಊಟದ ಹೊತ್ತು ಮೀರಿದರೂ ಏಳಲಿಲ್ಲ. ನ್ಯಾಯಮೂರ್ತಿಗಳು ಮೂವರು. ಇಬ್ಬರು ಬರೆದಿದ್ದರು, ಬಾಡಿಗೆದಾರ ಸತ್ತರೂ ಜೊತೆಯಲ್ಲಿ ವಾಸವಿದ್ದ ಅವನ ಮನೆಯವರು ಅದೇ ಬಾಡಿಗೆ ಕೊಟ್ಟುಕೊಂಡು ಇರಬಹುದು, ಎಬ್ಬಿಸುವಂತಿಲ್ಲ. ಮೂರನೆಯವರು ಮಾತ್ರ ಒಪ್ಪಿರಲಿಲ್ಲ. ಒಬ್ಬರ ಮಾತು ಇಬ್ಬರ ಮುಂದೆ ನಡೆಯುವುದಿಲ್ಲ, ಆದರೂ ದಾಖಲೆಗೆಂದು ಅದನ್ನು ಕೊನೆಯಲ್ಲಿ ಸೇರಿಸಿದ್ದರು. ಆಫೀಸಿನವರು ಬಾಲ ಹಿಡಿದು ಬರೆದಿದ್ದರು.

ಅವಳ ಪಿತ್ತ ನೆತ್ತಿಗೇರಿತು. ಎದ್ದು ಫಸ್ಟು ಸಾರ್ ಕೋಣೆಗೆ ನುಗ್ಗಿದಳು.

"ಸರ್, ಬಾಡಿಗೆ ತೀರ್ಪು ಉಲ್ಟಾ ಹೋಗಿದೆ. ಸೋತ ಅಭಿಪ್ರಾಯಾನೇ ತೀರ್ಪು ಅಂತ ಕಳಿಸಿದೀವಿ."

ಅವರು ಕನ್ನಡಕ ಏರಿಸಿಕೊಂಡು ಅವಳು ತೋರಿಸಿದ ಪುಟ ನೋಡಿದರು. ಮುಖ ಒಂದು ಗಳಿಗೆ ಸಪ್ಪೆಯಾಯಿತು, ಆಮೇಲೆ ಸರಿಹೋಯಿತು. "ಸೈಟಲ್ಲಿ ಆ ಸಾಲು ಬದಲಾಯಿಸಿಬಿಡು. ಗಲಾಟೆ ಬೇಡ."

"ಮೊಬೈಲಿಗೆ ಹೋಗಿರೋ ಮೆಸೇಜು?"

"ಹೋಗಿದ್ದು ಹೋಯ್ತಮ್ಮ. ತಪ್ಪಾಯ್ತು ಅಂತ ಇನ್ನೊಂದು ಕಳಿಸಿದ್ರೆ ನಾಳೆ ನಮ್ಮನ್ನ ಯಾರು ನಂಬ್ತಾರೆ? ವಕೀಲರು ಹೇಗೂ ತೀರ್ಪು ತೆಗೆದು ಓದ್ಕೋತಾರೆ."

"ವಕೀಲರನ್ನ ಇಟ್ಕೊಳ್ಳೋ ಗತಿ ಇಲ್ದೋರು?"

"ಅವರು ಇಷ್ಟೊತ್ತಿಗೆ ಮರೆತಿರ್ತಾರೆ."

ಮರೆತಿರುತ್ತಾರಂತೆ. ಪಾತ್ರೆ ಮೂಟೆ ಕಟ್ಟಿ ಕೂತವರು ಯಾಕೆ ಕಟ್ಟಿದೆವೆಂದು ಮರೆಯುತ್ತಾರೆಯೇ? ಪಾಯಿಂಟಮ್ಮ ಬ್ಯಾಗು ತೆಗೆದುಕೊಂಡು ಹೊರಟಳು.

ಅಕ್ಕನ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಅರ್ಧ ಹೊಲಿದ ರವಿಕೆಗಳಿಗೆ ಗಿರಾಕಿಗಳ ಹೆಸರಿನ ಚೀಟಿ ಚುಚ್ಚಿ ಚೀಲಕ್ಕೆ ತುಂಬಿದ್ದಳು. ಮನೆ ಯಜಮಾನರು ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ನಿವೃತ್ತ ಮೇಷ್ಟರು, ಕೆಟ್ಟವರಲ್ಲ, ಆದರೆ ಅಚ್ಚಾದದ್ದೆಲ್ಲ ಸತ್ಯವೆಂದು ಮೂವತ್ತೈದು ವರ್ಷ ಪಾಠ ಹೇಳಿದವರು. ಮೇಜಿನ ಮೇಲೆ ಅವರೇ ಬರೆದು ತಂದ ಕಾಗದವಿತ್ತು. 'ನಾನು ಸ್ವಂತ ಇಚ್ಛೆಯಿಂದ ಮನೆ ಬಿಡುತ್ತಿದ್ದೇನೆ.' ಅದರ ಮೇಲೆ ಬೀಗದ ಕೈ.

"ಯಜಮಾನರೇ, ಆ ಸುದ್ದಿ ತಪ್ಪು," ಎಂದಳು ಪಾಯಿಂಟಮ್ಮ. "ಬೇಕಾದ್ರೆ ನಿಮ್ಮ ಫೋನಲ್ಲೇ ಕೋರ್ಟಿನ ಸೈಟು ತೆಗೀರಿ. ದುಡ್ಡೇನಿಲ್ಲ, ಯಾರು ಬೇಕಾದ್ರೂ ನೋಡಬಹುದು."

ಅವಳು ಹೇಳಿಕೊಟ್ಟಂತೆ ಅವರು ತೀರ್ಪನ್ನು ತೆರೆದರು. ತೆರೆದವರು ಬೆರಳಿನಿಂದ ಸರಸರನೆ ತಳ್ಳಿ ಕೊನೆಯ ಪುಟಕ್ಕೇ ಹೋದರು. "ನೋಡಮ್ಮ, ಇಲ್ಲೇ ಬರೆದಿದೆಯಲ್ಲ, ಖಾಲಿ ಮಾಡಬೇಕು ಅಂತ."

"ಅದು ಒಪ್ಪದೇ ಇದ್ದ ಒಬ್ಬರ ಮಾತು. ಅವರು ಸೋತರು. ಮೇಲೆ ಹೋಗಿ ನೋಡಿ, ಇಬ್ಬರು ಇರಬಹುದು ಅಂದಿದ್ದಾರೆ."

"ಸೋತವರ ಮಾತು ಯಾಕಮ್ಮ ಅಚ್ಚು ಹಾಕ್ತಾರೆ?"

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಮೇಷ್ಟರು ಮೇಲಿನ ಪುಟಗಳನ್ನು ಒಂದಿಷ್ಟು ನೋಡಿದರು, ತುಟಿ ಅಲ್ಲಾಡಿಸುತ್ತ ಓದಿದರು, ಕೊನೆಗೆ ತಲೆ ಕೊಡವಿದರು. "ನನಗಿದು ತಲೆಗೆ ಹತ್ತಲ್ಲ. ನೀನು ನಿಮ್ಮಕ್ಕನ ಪರ ಹೇಳ್ತೀಯ, ಹೇಳೋದೂ ನ್ಯಾಯವೇ. ಆದರೆ ನನಗೆ ಮೆಸೇಜು ಕಳಿಸಿದ್ದು ನಿಮ್ಮ ಕಂಪನಿ. ತಪ್ಪು ಅಂತ ನಿಮ್ಮ ಕಂಪನಿ ಹೇಳಲಿ, ಈಗಲೇ ಎದ್ದು ಹೋಗ್ತೀನಿ."

ಅಕ್ಕ ಅವಳ ಮುಖ ನೋಡಿದಳು. "ಹೇಳಿಸ್ತೀಯೇನೇ?"

ಹೇಳಿದರೆ ನಾಳೆಯಿಂದ ಕೆಲಸವಿಲ್ಲ. ಅದು ಅವಳಿಗೆ ಗೊತ್ತಿತ್ತು. ಗಲಾಟೆ ಬೇಡ ಎಂದ ಫಸ್ಟು ಸಾರ್ ಮುಖ, ಇದಕ್ಕೆಲ್ಲ ತಲೆಬಾಗಿ ಅಕ್ಕ ಮಡಿಚಿಟ್ಟ ಬಟ್ಟೆಗಳು, ಎರಡು ದಿನ ಫೋನು ಮಾಡದೆ ಬಾಯಿ ಮುಚ್ಚಿಕೊಂಡಿದ್ದ ತಾನು, ಎಲ್ಲದರ ಮೇಲೂ ಅವಳಿಗೆ ಒಟ್ಟಿಗೇ ಮೈ ಉರಿಯಿತು. ಫೋನಿನಲ್ಲಿ ಆಫೀಸಿನ ಖಾತೆ ತೆರೆದಳು. ಕಳಿಸುವ ಮುಂಚೆ ನೋಡುವವರು ಯಾರೂ ಇರಲಿಲ್ಲವಲ್ಲ, ತಡೆಯುವವರೂ ಇರಲಿಲ್ಲ.

'ಮೊನ್ನೆ ನಾವು ಕಳಿಸಿದ ಬಾಡಿಗೆ ಮನೆಯ ಸುದ್ದಿ ತಪ್ಪು. ತೀರ್ಪು ಪೂರ್ತಿ ಓದದೆ ಬರೆದೆವು. ಬಾಡಿಗೆದಾರ ಸತ್ತರೂ ಜೊತೆಗಿದ್ದ ಮನೆಯವರು ಅಲ್ಲೇ ಇರಬಹುದು. ಮನೆ ಬಿಡಬೇಡಿ, ಸಹಿ ಹಾಕಬೇಡಿ. ಕೇಳುವುದಿದ್ದರೆ ಈ ನಂಬರಿಗೆ ಫೋನು ಮಾಡಿ.' ತನ್ನದೇ ನಂಬರು ಹಾಕಿ ಕಳಿಸಿದಳು.

ಮೇಷ್ಟರ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಅವರು ಓದಿದರು, ಇನ್ನೊಮ್ಮೆ ಓದಿದರು. ಬೀಗದ ಕೈಯನ್ನು ಅಕ್ಕನ ಕಡೆ ಸರಿಸಿ, ತಾವು ಬರೆದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು. "ಓದದೇ ಬರೀತಾರೆ ಅಂತ ನನಗೇನು ಗೊತ್ತಮ್ಮ," ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದರು.

ಅಕ್ಕ ಮೂಟೆಯ ಮೇಲೆ ಕುಸಿದು ಕೂತು ಅಳತೊಡಗಿದಳು. ಅಷ್ಟರಲ್ಲಿ ಪಾಯಿಂಟಮ್ಮನ ಫೋನು ಹೊಡೆದುಕೊಂಡಿತು. ಫಸ್ಟು ಸಾರ್ ಇರಬೇಕು, ಬರಲಿ, ಇವತ್ತು ಇದ್ದಬದ್ದದ್ದನ್ನೆಲ್ಲ ಅಂದುಬಿಡುತ್ತೇನೆ ಎಂದು ಅವಳು ಗಂಟಲು ಸರಿಮಾಡಿಕೊಂಡು ಎತ್ತಿದಳು.

ಗುರುತಿಲ್ಲದ ಹೆಂಗಸಿನ ಧ್ವನಿ. ಹಿಂದೆ ವಾಹನಗಳ ಸದ್ದು.

"ಮೆಸೇಜು ಕಳಿಸಿದೋರು ನೀವೇನಾ? ನಾನು ನಿನ್ನೇನೇ ಸಹಿ ಹಾಕಿ ಕೊಟ್ಟುಬಿಟ್ಟೆನಲ್ಲ. ಮನೆ ಯಜಮಾನರು ಆಗಲೇ ಬೀಗ ಬದಲಾಯಿಸಿದಾರೆ, ಸಾಮಾನೆಲ್ಲ ರಸ್ತೆ ಮೇಲಿದೆ. ಈಗ ಏನ್ ಮಾಡಲಿ?"

ಫಸ್ಟು ಸಾರ್‌ಗೆಂದು ಇಟ್ಟುಕೊಂಡಿದ್ದ ಮಾತನ್ನು ಈ ಹೆಂಗಸಿಗೆ ಹೇಳಿ ಏನು ಪ್ರಯೋಜನ?

"ಗಾಬರಿಯಾಗಬೇಡಿ. ಈಗಲೇ ಬರ್ತೀನಿ," ಎಂದಳು. "ನಿಮ್ಮ ವಿಳಾಸ ಹೇಳಿ."

"ಯಾವ ವಿಳಾಸ ಹೇಳಲಮ್ಮ?" ಎಂದಳು ಆ ಹೆಂಗಸು.