ಕತ್ತರಿಸಿದ ಹಾಸು

ಕಾಲಿಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಹಿಂದೊಮ್ಮೆ ಕೆರೆ ನೀರು ನುಗ್ಗಿ, ಉದ್ದಕ್ಕೆ ಬಿಗಿದ ರೇಷ್ಮೆ ಎಳೆಗಳ ಹಾಸು ಕೊಳೆತುಹೋದದ್ದನ್ನು ಸೂರಮ್ಮ ಮರೆತಿರಲಿಲ್ಲ. ಗಂಡ ಓಬಳೇಶ್ ಮರೆತಿದ್ದ. ಮೊಳಕಾಲ್ಮೂರಿನ ಆ ಓಣಿಯೇ ಮರೆತಿತ್ತು. ಈ ಸಲ ಮಳೆ ಶುರುವಾದಾಗಿನಿಂದ ಅವಳದು ಒಂದೇ ರಾಗ: ಬಾಗಿಲಿಗೆ ಮೊಣಕಾಲುದ್ದ ಕಟ್ಟೆ ಕಟ್ಟಿಸು.

"ಮಳೇನೇ ಕಾಣದ ಊರಾಗೆ ನೆರೆ ನೆರೆ ಅಂತ ಸಾಯ್ತೀಯಲ್ಲೇ," ಅಂದ ಓಬಳೇಶ್. "ಒಂದ್ಸಲ ಬಂತು, ಹೋತು. ಇನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೆ."

"ಹಂಗಂತ ಕೆರೆ ನಿಂಗೆ ಬರೆದುಕೊಟ್ಟೈತಾ?"

ಪಕ್ಕದ ಮನೆ ಚಿಕ್ಕಕ್ಕನದು ಬೇರೆ ತಕರಾರು. "ನೀನೊಬ್ಳೇ ಕಟ್ಟೆ ಕಟ್ಟಿದ್ರೆ ನೀರು ನಮ್ಮನೆಗೆ ನುಗ್ತೈತೆ."

"ಹಂಗಾರೆ ನೀವೂ ಕಟ್ಟಿಸ್ರಿ."

"ಬರದೇ ಇರೋ ನೀರಿಗೆ ನಾವ್ಯಾಕೆ ಕಟ್ಟಿಸಣ?"

ಇಂಥವರ ಹತ್ತಿರ ಏನು ಮಾತಾಡುವುದು.

ಒಂದು ಮಧ್ಯಾಹ್ನ ಕೆರೆ ಕೋಡಿ ಬಿತ್ತು. ಓಣಿಗೆ ಓಣಿಯೇ ಹೂವು, ಕಾಯಿ ಹಿಡಿದು ಗಂಗಮ್ಮನ ಪೂಜೆಗೆ ಓಡಿತು. "ಹಾಸು ಸುತ್ತಿಟ್ಟು ಹೋಗಣ, ಒಂದು ಕೈ ಹಿಡಿ," ಎಂದು ಸೂರಮ್ಮ ಅಡ್ಡ ನಿಂತಳು. "ತಾಯಿ ಬಂದಿರೋ ದಿನ ಅಪಶಕುನ ನುಡೀಬ್ಯಾಡ," ಎಂದು ಓಬಳೇಶ್ ಮೊಬೈಲ್ ಹಿಡಿದು ಹೋಗೇಬಿಟ್ಟ.

ಮಗ್ಗದ ಮೇಲಿದ್ದದ್ದು ನೂಲು ಕೊಟ್ಟು ಕೂಲಿಗೆ ನೇಯಿಸುವ ಸಾವ್ಕಾರ ಹಾಲೇಶಪ್ಪನ ಹಾಸು, ಅರ್ಧ ನೇಯ್ದ ಮದುವೆ ಸೀರೆ. ಇನ್ನೊಂದು ಹಾಸು ನೀರುಪಾಲಾದರೆ ನಿಮ್ಮನೆಗೆ ನೂಲಿಲ್ಲ ಎಂದು ಅವನು ಹೋದ ಸಲವೇ ಹೇಳಿದ್ದ. ನೂಲಿಲ್ಲ ಅಂದರೆ ಒಲೆಯೂ ಇಲ್ಲ. ಹಾಸು ಕೆಡದಂತೆ ಸುತ್ತಲು ಮೂವರಾದರೂ ಬೇಕು. ಚರಂಡಿ ತುಂಬಿ ಕೆಂಪು ನೀರು ಬೀದಿಗೆ ಬಂತು, ಬಾಗಿಲ ಮುಂದಿನ ಮೆಟ್ಟಿಲು ಮುಳುಗಿತು. ಕೂಗಿದಳು. ಓಣಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಕತ್ತರಿ ತಂದು, ಎಳೆಗಳು ಹಾಯುವ ಬಾಚಣಿಗೆಯಂಥ ಅಚ್ಚಿನ ಹಿಂದೆ ಎಲ್ಲವನ್ನೂ ಕತ್ತರಿಸಿ, ನೇಯ್ದ ಭಾಗವನ್ನೂ ಹಾಸನ್ನೂ ಉಂಡೆ ಮಾಡಿ ಅಟ್ಟಕ್ಕೆ ಎಸೆದಳು.

ನೀರು ಹೊಸ್ತಿಲು ದಾಟಲಿಲ್ಲ. ಸಂಜೆಗೆ ಇಳಿದೂ ಹೋಯಿತು.

ಓಬಳೇಶ್ ಬಂದು ನೋಡಿದ. ಬೈದಿದ್ದರೆ ಅವಳೂ ತಿರುಗಿ ಬೈಯುತ್ತಿದ್ದಳು. ಅವನು ನಕ್ಕ. "ಊರೆಲ್ಲ ಪೂಜೆ ಮಾಡ್ತು, ನಮ್ಮವಳು ಮಗ್ಗದ ಕ್ಷೌರ ಮಾಡಿದ್ಲು," ಎಂದು ಟೀ ಅಂಗಡಿಯಲ್ಲೂ ಹೇಳಿಕೊಂಡು ಬಂದ.

"ನೀರು ಹೊಸ್ತಿಲಿಗೆ ಬಂದಿತ್ತು," ಅಂದಳು ಸೂರಮ್ಮ.

"ಒಳಕ್ಕೆ ಬಂತಾ?"

ಕಟ್ಟೆಯ ಮಾತು ಅಲ್ಲಿಗೆ ಸತ್ತಿತು. ಅಂದಿನಿಂದ ಯಾರಾದರೂ ನೀರಿನ ಭಯ ಎತ್ತಿದರೆ ಓಣಿಯವರು ಅವಳ ಹೆಸರು ಹೇಳಿ ನಗುತ್ತಿದ್ದರು.

ಎಳೆ ಎಳೆ ಕೂಡಿಸಿ ಸೀರೆ ಮುಗಿಸಿಕೊಡು, ಆಮೇಲೆ ನೂಲಿನ ಮಾತು ಅಂದ ಹಾಲೇಶಪ್ಪ. ಸೂರಮ್ಮ ಕುಣಿಗೆ ಕಾಲಿಳಿಬಿಟ್ಟು ಕೂಡಿಸತೊಡಗಿದಳು. ಸಾವಿರಾರು ಎಳೆ. ಇನ್ನೂ ಅರ್ಧವಾಗಿರಲಿಲ್ಲ, ಬೆಟ್ಟದ ಕಡೆ ಮತ್ತೆ ಮೋಡ ಕವಿಯಿತು. ಹಾಸು ಸುತ್ತಲು ಯಾರನ್ನಾದರೂ ಕರೆಯೋಣ ಎಂದು ಕುಣಿಯಿಂದ ಒಂದು ಕಾಲು ಮೇಲಿಟ್ಟಿದ್ದಳು, ಅಷ್ಟರಲ್ಲಿ ಚಿಕ್ಕಕ್ಕ ಬಾಗಿಲಲ್ಲಿ ಇಣುಕಿದಳು.

"ಏನವ್ವ ಸೂರಿ, ಇವತ್ತೂ ಕತ್ತರಿ ಹಿಡೀತೀಯಾ?"

"ಇಲ್ಲ ಬಿಡಕ್ಕ," ಅಂದಳು ಸೂರಮ್ಮ. "ನೀರು ಎಲ್ಲಿ ಬರ್ತೈತೆ."

ಕಾಲು ಒಳಗೆಳೆದುಕೊಂಡು ಮತ್ತೆ ಎಳೆ ಹುಡುಕಿದಳು. ದಪ್ಪ ಹನಿ ಬೀದಿಗೆ ಬೀಳತೊಡಗಿದಾಗಲೂ ಏಳಲಿಲ್ಲ.