ಮೊಳ ಎತ್ತರದ ಸೌಟು

“ನಾಯಿಗಿ ಒಗದಂಗ ಒಗ್ಯಾಕತ್ತಿಯಲ್ಲಬೇ ದೇವಕಿ. ಮನಷ್ಯಾರಿಗಿ ನೀಡೂದು ಹಿಂಗೇನು?”

ಅಂದವನು ಹತ್ತಿ ಮಿಲ್ಲಿನ ಮ್ಯಾನೇಜರ್ ಸಂಗಣ್ಣ. ಅನ್ನಿಸಿಕೊಂಡವಳು ನಮ್ಮವ್ವ. ತಾಟು ಹಿಡಿದು ಸಾಲಿಗೆ ನಿಂತ ಮಿಲ್ಲಿನ ಮಂದಿಯೆಲ್ಲ ಕೇಳಿಸಿಕೊಂಡರು. ಕಂಪನಿಯಿಂದ ಬಂದಿದ್ದ ಮೇಡಂ ಕೇಳಿಸಿಕೊಂಡಳು. ಅವಳ ಹಿಂದೆ ಫೋಟೋ ಹೊಡೆಯುತ್ತಿದ್ದವನು ಕ್ಯಾಮೆರಾ ಕೆಳಗಿಳಿಸಿ ಸಂಗಣ್ಣನ ಮುಖ ನೋಡಿದ.

ಅವ್ವ ಸೌಟು ಹಿಡಿದುಕೊಂಡೇ ನಕ್ಕಳು. ಬೈಸಿಕೊಂಡಾಗಲೆಲ್ಲ ಆಕೆ ನಗುತ್ತಾಳೆ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಾಲಿನಲ್ಲಿ ಸ್ವಲ್ಪ ಹಿಂದೆ ನಾನೂ ತಾಟು ಹಿಡಿದು ನಿಂತಿದ್ದೆ. ನೆಲ ನೋಡಿದೆ.

ಸಾಲಿನ ಮುಂದಿದ್ದ, ಮಷೀನು ನಡೆಸುವ ಅಮರಪ್ಪನ ಅಂಗಿಯ ಮೇಲೆ ಸಾರು ಸಿಡಿದಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಫೋಟೋ ಹೊಡೆಯುತ್ತಾರೆ, ಎಲ್ಲರೂ ಚಲೋ ಅಂಗಿ ಹಾಕಿಕೊಂಡು ಬರ್ರಿ ಎಂದು ಮೊದಲೇ ಹೇಳಿದ್ದರು. ಅವ್ವ ಅವನ ತಾಟಿಗೆ ಸಾರನ್ನು ಮೊಳ ಎತ್ತರದಿಂದ ಸುರಿದಿದ್ದಳು. ಅವನ ಮುಂದಿನವನಿಗೆ ರೊಟ್ಟಿಯನ್ನೂ ಹಾಗೇ ಮೇಲಿನಿಂದ ಬಿಟ್ಟಿದ್ದಳು. ಅದು ತಾಟಿನ ಅಂಚಿಗೆ ಬಡಿದು ಮುರಿದು ನೆಲಕ್ಕೆ ಬಿದ್ದಿತ್ತು.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮಿಲ್ಲು. ಕಾಲುವೆ ನೀರು ಬಂದು ಈ ಕಡೆ ಹತ್ತಿ ಬೆಳೆ ಹೆಚ್ಚಾದ ಮೇಲೆ ಎದ್ದದ್ದು. ನಮ್ಮ ಹತ್ತಿ ಕೊಳ್ಳುವ ದೊಡ್ಡ ಕಂಪನಿಯವರು ಈ ಸಲ ಹೊಸ ಮಾತು ತೆಗೆದಿದ್ದರು. ಎಲ್ಲ ಜಾತಿಯವರು, ಎಲ್ಲ ಧರ್ಮದವರು, ಹೆಣ್ಣುಮಕ್ಕಳು, ಗಂಡಸರು ನಿಮ್ಮಲ್ಲಿ ಕೂಡಿ ದುಡಿಯುತ್ತಾರೋ ಇಲ್ಲವೋ ಬಂದು ನೋಡುತ್ತೇವೆ, ಸರಿ ಕಂಡರಷ್ಟೇ ಮಾಲು ಎತ್ತುತ್ತೇವೆ ಅಂದರು. ಅವತ್ತಿನಿಂದ ಸಂಗಣ್ಣನ ಕಣ್ಣಿಗೆ ನಾವು ಕಾಣತೊಡಗಿದೆವು. ಗೋದಾಮಿನಲ್ಲಿ ಹತ್ತಿಬೀಜದ ಚೀಲ ಹೊರುವ ನನ್ನನ್ನು ಕರೆದು ‘ಸಮಾನತೆ ಸಮಿತಿ’ ಎಂದು ಬರೆದ ಬಿಲ್ಲೆಯನ್ನು ಎದೆಗೆ ಚುಚ್ಚಿಕೊ ಅಂತ ಕೊಟ್ಟ. ಆ ಸಮಿತಿ ಒಮ್ಮೆಯೂ ಕೂತು ಮಾತಾಡಿದ್ದಿಲ್ಲ. ಹತ್ತಿ ಒತ್ತಿ ಗಂಟು ಕಟ್ಟುವ ಪ್ರೆಸ್ ಮಷೀನಿನ ಖಾಜಾಹುಸೇನನಿಗೂ ಒಂದು ಬಿಲ್ಲೆ ಸಿಕ್ಕಿತು.

“ತೂ ಮಾದಿಗ, ಮೈಂ ಮುಸಲ್ಮಾನ. ಇಡೀ ಮಿಲ್ಲು ನಮ್ಮಿಬ್ಬರ ಎದಿ ಮ್ಯಾಲ ನಿಂತದಲೇ ಅಂಬ್ರ್ಯಾ,” ಎಂದು ಅವನು ಬಿಲ್ಲೆ ಒರೆಸಿಕೊಂಡು ನಕ್ಕಿದ್ದ.

ಅವ್ವನಿಗೆ ಬಿಲ್ಲೆ ಇಲ್ಲ. ಆಕೆಗೆ ಸೌಟು.

ಅವ್ವ ಹತ್ತಿ ಬಿಡಿಸುವ ಮಷೀನುಗಳ ಕೆಳಗೆ ಕಸ ಹೊಡೆಯುತ್ತಾಳೆ. ಹತ್ತಿಯ ಧೂಳು ಎದೆಗಿಳಿದಿದೆ. ಕೆಮ್ಮು ಹಿಡಿದರೆ ಗೋಡೆಗೆ ಕೈ ಕೊಟ್ಟು ನಿಲ್ಲಬೇಕು. ಧೂಳಿನ ಕೆಲಸ ಬಿಡಿಸು, ಇಲ್ಲದಿದ್ದರೆ ಗುಳಿಗೆ ನುಂಗಿಸಿ ಏನೂ ಉಪಯೋಗವಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ಮೇಡಂ ಖುಷಿಯಾಗಿ ಹೋದರೆ ದೇವಕಿಯನ್ನು ಕ್ಯಾಂಟೀನಿಗೇ ಕಾಯಂ ಮಾಡುತ್ತೇನೆ ಅಂತ ಸಂಗಣ್ಣ ಮಾತು ಕೊಟ್ಟಿದ್ದ. ಬಡಿಸುವಾಗ ಹಾಕಿಕೊಳ್ಳಲು ಕೊಟ್ಟ ಏಪ್ರಾನನ್ನು ಅವ್ವ ಮನೆಗೆ ತಂದು, ಹೊಸದಿದ್ದರೂ ಮತ್ತೊಮ್ಮೆ ಒಗೆದು, ದಿಂಬಿನ ಕೆಳಗೆ ಮಡಚಿಟ್ಟುಕೊಂಡಿದ್ದಳು.

ಅಡಿಗೆ ಮಾತ್ರ ಆಕೆಯದಲ್ಲ. ಅದನ್ನು ಶಹಾಪುರದ ಲಿಂಗಾಯತರ ಖಾನಾವಳಿಯಿಂದ ತರಿಸಿದ್ದರು. ಮುಂಜಾನೆ ಸಂಗಣ್ಣ ಮಷೀನಿನ ಮಂದಿಯನ್ನು ಗೋದಾಮಿನ ಗೋಡೆಯ ಹತ್ತಿರ ಕರೆದು ಸಮಾಧಾನ ಮಾಡಿದ. ಅಡಿಗೆ ನಮ್ಮವರದು, ಆಕೆಯ ಕೈ ಸೌಟಿಗಷ್ಟೇ, ಫೋಟೋ ಆಗುವ ತನಕ ಎರಡು ತುತ್ತು ಬಾಯಿಗೆ ಹಾಕಿಕೊಳ್ಳಿರಿ, ಆಮೇಲೆ ನಿಮ್ಮ ನಿಮ್ಮ ಬುತ್ತಿ ಇದ್ದೇ ಇದೆಯಲ್ಲ ಅಂದ. ಚೀಲಗಳ ಹಿಂದೆ ಕೂತು ನಾನು ಎಲ್ಲ ಕೇಳಿದೆ. ಅವ್ವನಿಗೆ ಹೇಳಲಿಲ್ಲ. ಕ್ಯಾಂಟೀನು ಸಿಗಲಿ ಅಂತ ಸುಮ್ಮನಾದೆ.

ಹರೆಯದಲ್ಲಿ ಅವ್ವ ಕಾಲುವೆ ಅಗೆಯುವಲ್ಲಿ ಮಣ್ಣಿನ ಬುಟ್ಟಿ ಹೊತ್ತವಳು. ಅಲ್ಲಿ ನೀರು ಕೊಡುವವನು ನಮ್ಮವರ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದನಂತೆ. ಕಳೆ ತೆಗೆಯಲು ಹೋದರೆ ಗೌಡ್ತಿ ರೊಟ್ಟಿಯನ್ನು ಒಡ್ಡಿದ ಸೆರಗಿಗೆ ಮೇಲಿನಿಂದ ಬಿಡುತ್ತಿದ್ದಳು. ಈ ಮಿಲ್ಲಿನಲ್ಲೂ ನಾವು ಬೊಗಸೆಯಲ್ಲೇ ಕುಡಿದವರು. ಪೇಪರ್ ಕಪ್ಪು ಬಂದದ್ದು ಮೊನ್ನೆ, ಮೇಡಂ ಬರುತ್ತಾಳೆಂದು. ಆ ಮಂದಿಗೂ ನಮಗೂ ನಡುವೆ ಅನ್ನವೋ ನೀರೋ ದಾಟುವುದಾದರೆ ಮುಟ್ಟದಂತೆ, ಎತ್ತರದಿಂದ ದಾಟಬೇಕು. ಅವ್ವನಿಗೆ ಗೊತ್ತಿದ್ದದ್ದು ಅದೊಂದೇ. ಸೌಟಿನ ತುದಿ ತಾಟಿಗೆ ತಗುಲಿ ಅಮರಪ್ಪನ ಊಟ ಕೆಡಬಾರದೆಂದು ಆಕೆ ಕೈ ಎತ್ತಿದ್ದಳು. ಅವನಿಗೆ ಮರ್ಯಾದೆ ಕೊಟ್ಟಿದ್ದಳು.

ಇದೆಲ್ಲ ನನಗೆ ಗೊತ್ತಿತ್ತು. ಸುಳ್ಳು ಯಾಕೆ ಹೇಳಲಿ, ಗೊತ್ತಿದ್ದೂ ಆ ಹೊತ್ತಿನಲ್ಲಿ ನನಗೆ ಸಂಗಣ್ಣನ ಮೇಲೆ ಸಿಟ್ಟು ಬರಲಿಲ್ಲ. ಅವ್ವನ ಮೇಲೆ ಬಂತು. ಒಂದು ತಾಸು, ಒಂದೇ ಒಂದು ತಾಸು ನೆಟ್ಟಗೆ ನೀಡಲು ಬರಲಿಲ್ಲವೇನು ನಿನಗೆ ಅಂತ ಹಲ್ಲು ಕಚ್ಚಿ ಒಳಗೇ ಬೈದೆ. ಪಕ್ಕದವನು ನನ್ನನ್ನು ಆಕೆಯ ಮಗನೆಂದು ಗುರುತಿಸದಿರಲಿ ಅನ್ನಿಸಿತು. ಅವನಿಗೆ ನಾನು ಹುಟ್ಟಿದಾಗಿನಿಂದ ಗೊತ್ತು.

ಮೇಡಂ ಕೆಟ್ಟವಳಲ್ಲ. ತಾನೇ ಒಂದು ತಾಟು ತೆಗೆದುಕೊಂಡು ಅವ್ವನ ಮುಂದೆ ಬಂದು ನಿಂತಳು.

“ಭಯ ಬೇಡ ಅಮ್ಮ. ಹತ್ತಿರದಿಂದ ಬಡಿಸಿ.”

ಅವ್ವ ಸೌಟು ತುಂಬಿದಳು. ಕೈ ಕೆಳಗಿಳಿಯಿತು. ಇನ್ನೊಂದು ಗೇಣು ಇದೆ ಅನ್ನುವಾಗ ನಿಂತಿತು. ಮುಂದಕ್ಕೆ ಹೋಗಲೊಲ್ಲದು. ಅವ್ವನ ಹಣೆಯ ಮೇಲೆ ಬೆವರು ಮೂಡಿತು. ಸೌಟು ಮತ್ತೆ ಮೇಲೆ ಹೋಯಿತು. ಬಿಸಿ ಸಾರು ಮೇಡಂ ಕೈಗೆ, ಸೀರೆಗೆ ಸಿಡಿಯಿತು.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಬಹಳ ಮಂದಿ ನಕ್ಕರು. ಸಂಗಣ್ಣ ಒರೆಸಿಕೊಳ್ಳಲು ದಸ್ತಿ ಹಿಡಿದು ಓಡಿ ಬಂದ.

“ಇದ ನೋಡ್ರಿ ಮೇಡಂ ನಮ್ಮ ತ್ರಾಸು. ನಾವು ಒಳಗ ಕರೀತೀವ್ರಿ, ಈ ಮಂದಿನ ಹೊರಗ ನಿಂದರ್ತಾರ. ಎಷ್ಟ ಕಲಿಸಿದ್ರೂ ಹತ್ತೂದಿಲ್ರಿ ಇವರಿಗಿ.” ಅವ್ವನ ಕಡೆ ತಿರುಗಿದಾಗ ದನಿ ಸಣ್ಣದಾಯಿತು. “ಸೌಟು ಇಡಬೇ ಹಲ್ಕಟ್. ಹೋಗಿ ಕಸಬರಿಗಿ ಹಿಡಿ.”

ಅವ್ವ ಇಡಲಿಲ್ಲ. ಎರಡೂ ಕೈಯಲ್ಲಿ ಎದೆಗವಚಿ ಹಿಡಿದುಕೊಂಡಳು. “ಕಲೀತೀನ್ರೀ ಯಪ್ಪಾ. ನಾಳಿಗಿ ಕಲೀತೀನ್ರಿ.”

“ಮುದುಕಿ ಅದಾಳ, ಬಿಡ್ರಿ ಸಾಬ್,” ಅಂದ ಖಾಜಾಹುಸೇನ. ಸಂಗಣ್ಣ ತಿರುಗಿ ನೋಡಿದ ಮೇಲೆ ಹಿಂದೆ ಸರಿದ.

ಮೇಡಂ ಕೈ ಒರೆಸಿಕೊಂಡಳು. ಸಿಟ್ಟಾಗಿರಲಿಲ್ಲ. ನನ್ನ ಬಿಲ್ಲೆ ಕಂಡು ಹತ್ತಿರ ಬಂದು ಹೆಸರು ಕೇಳಿದಳು. ನಾನು ಹೇಳುವ ಮೊದಲೇ ಸಂಗಣ್ಣ “ಅಂಬ್ರಪ್ಪ ಅಂತ್ರಿ, ಆಕಿ ಮಗನ ರೀ ಇಂವಾ,” ಎಂದ.

“ಹಾಗಾದ್ರೆ ನೀವೇ ಹೇಳಿ. ಹೀಗೆ ಮೇಲಿಂದ ಹಾಕೋದನ್ನ ನಿಮ್ಮ ತಾಯಿಗೆ ಯಾರು ಕಲಿಸಿದ್ರು?”

ನಗು ನಿಂತಿತು. ಅಮರಪ್ಪ ಅಂಗಿ ತಿಕ್ಕುವುದನ್ನು ನಿಲ್ಲಿಸಿದ. ಕ್ಯಾಮೆರಾದವನು ಕ್ಯಾಮೆರಾ ಎತ್ತಿದ. ಸಂಗಣ್ಣ ಹೆಗಲ ಮೇಲೆ ಕೈ ಹಾಕಿ ನನ್ನ ಕಿವಿಗೆ ಬಾಯಿ ತಂದ. ಹಾಗೆ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

“ಹೊಸಾಕಿ ಅದಾಳ್ರಿ, ರೂಢಿ ಇಲ್ರಿ ಅಂತ ಹೇಳು. ಕ್ಯಾಂಟೀನು ನಿಮ್ಮವ್ವಂದ. ಬ್ಯಾರೆ ಏನರ ಬೊಗಳಿದ್ಯೋ ಸೂಳಿಮಗನ, ಇಬ್ಬರೂ ಗೇಟಿನ ಹೊರಗ.”

ಅವ್ವ ನನ್ನನ್ನೇ ನೋಡುತ್ತಿದ್ದಳು. ಕೆಮ್ಮು ಬಂದಿತ್ತು; ಸೆರಗು ಬಾಯಿಗೆ ತುರುಕಿ ಒಳಗೇ ನುಂಗುತ್ತಿದ್ದಳು. ಅಂದುಬಿಡೋ ಎನ್ನುವಂತೆ ಸಣ್ಣಗೆ ತಲೆ ಆಡಿಸಿದಳು.

ಬಾಯಿ ತೆರೆದೆ. ಸಂಗಣ್ಣ ಕಲಿಸಿದ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಇನ್ನೊಂದು ಮಾತೂ ಕೂತಿತ್ತು, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರ ಮುಖಕ್ಕೆ ಬೆರಳು ಮಾಡಿ ಹೇಳುವಂಥದ್ದು. ಯಾವುದನ್ನು ಆಡಿದರೂ ಅವ್ವ ಅಲ್ಲೇ, ಅದೇ ಮಂದಿಯ ಎದುರು ನಿಂತಿರಬೇಕಾಗಿತ್ತು.

ಖಾಲಿ ತಾಟನ್ನು ಮೇಜಿನ ಮೇಲೆ ಇಟ್ಟೆ. ಹೆಗಲ ಮೇಲಿನ ಕೈ ತೆಗೆದೆ. ಸಾಲು ಬಿಟ್ಟು ಬಾಗಿಲ ಕಡೆ ಹೊರಟೆ.

“ಅಂಬ್ರಪ್ಪ, ನಿಮ್ಮ ಒಳ್ಳೇದಕ್ಕೇ ಕೇಳ್ತಿದ್ದೀನಿ,” ಎಂದಳು ಮೇಡಂ. ಸಂಗಣ್ಣ ಏನೋ ಒದರಿದ. ಖಾಜಾಹುಸೇನ ತೋಳು ಹಿಡಿದ, ನನ್ನ ಮುಖ ನೋಡಿ ಬಿಟ್ಟ. ಹೊಸ್ತಿಲು ದಾಟುತ್ತಿದ್ದಂತೆ ನನ್ನ ಬದಲಿಗೆ ಅವ್ವ ಉತ್ತರ ಕೊಡುವುದು ಕೇಳಿಸಿತು.

“ಯಾರೂ ಕಲಿಸಿಲ್ರೀ ಯವ್ವಾ. ನಂದ ತಪ್ಪು. ನಾವು ಹುಟ್ಟಿದ್ದ ಹಿಂಗ.”

ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಎರಡೂ ಕಡೆ ಆಳೆತ್ತರ ಹತ್ತಿಯ ರಾಶಿ ಬಿದ್ದಿತ್ತು. ಅದರ ನಡುವೆ ಗೇಟಿನ ಕಡೆ ನಡೆದೆ. ಒಳಗಿನಿಂದ ಅವ್ವ ನನ್ನ ಹೆಸರು ಹಿಡಿದು ಕೂಗಿದಳು. ನಾನು ಓಗೊಡಲಿಲ್ಲ.